ಲ್ಯಾನೋದಲ್ಲಿ 30 ಎಕ್ರೆ, ಮೊದಲ್ನೇ ಎಟಿವಿ (ನಾಲ್ಕು ಗಾಲಿ ಆಫ್‌ರೋಡ್ ಬೈಕ್): ಬೇಟೆಗೂ ಜಮೀನು ಕೆಲ್ಸಕ್ಕೂ ಯಾವ್ದು ತಗೊಳ್ಳೋದು?

ಸಾಗರದವ_ಆಸ್ಟಿನ್:

ಎಲ್ರಿಗೂ ನಮಸ್ಕಾರ. ಟೆಕ್ಸಾಸಲ್ಲಿ ಜಮೀನು ಇಟ್ಕೊಂಡಿರೋರು, ಬೇಟೆಗೆ ಹೋಗೋರು ಇಲ್ಲಿ ಒಂದಷ್ಟು ಜನ ಇದೀರ, ಅದಕ್ಕೆ ಇಲ್ಲೇ ಕೇಳ್ತಿದೀನಿ. ನಾವು ಆಸ್ಟಿನ್ ಇಂದ ಒಂದೂವರೆ ಗಂಟೆ ದೂರ ಲ್ಯಾನೋ ಕೌಂಟಿಲಿ 30 ಎಕ್ರೆ ತಗೊಂಡಿದೀವಿ. ಗ್ರಾನೈಟ್ ಬಂಡೆ, ಮೆಸ್ಕೀಟ್ ಮುಳ್ಳು, ಪಾಪಾಸುಕಳ್ಳಿ, ಮಧ್ಯ ಒಂದು ಒಣ ಹಳ್ಳ, ಹಳ್ಳದ ಆಚೆ ಕಡೆ ಸ್ವಲ್ಪ ಇಳಿಜಾರು. ಹಿಂದಿನ ಓನರ್ ಬಿಟ್ಟೋದ ಎರಡು ಡೀರ್ ಫೀಡರ್ (ಜಿಂಕೆಗೆ ಜೋಳ ಹಾಕೋ ಡಬ್ಬ), ಒಂದು ಬ್ಲೈಂಡ್ (ಬೇಟೆಗೆ ಅಡಗಿ ಕೂರೋ ಗೂಡು) ಇದೆ. ಪಕ್ಕದವ್ರ ಮೇಕೆ ಮೇಯ್ತಾವೆ, ಮುಂದಿನ ವರ್ಷ ನಮ್ದೇ ಒಂದಿಷ್ಟು ತರೋ ಯೋಚ್ನೆ.

ಕೆಲ್ಸ ಅಂದ್ರೆ ಫೀಡರ್‌ಗೆ ಜೋಳದ ಚೀಲ ಹೊರೋದು, ಮೇಕೆಗೆ ನೀರು, ಬೇಲಿ ರಿಪೇರಿಗೆ ಕಬ್ಬಿಣದ ಕಂಬ ತಂತಿ ಎಲ್ಲ ಸಾಗಿಸೋದು, ಕಳ್ಳಿಗೆ ಔಷಧಿ ಹೊಡಿಯೋದು, ಸೀಡರ್ ಮರ ಕಡಿದಿದ್ದನ್ನ ಎಳ್ಕೊಂಡು ಬರೋದು, ಆಮೇಲೆ ನವೆಂಬರಲ್ಲಿ ಜಿಂಕೆ ಬಿದ್ರೆ ಅದನ್ನ ಗೇಟ್ ತನಕ ತರೋದು. ಹಂದಿ ಕಾಟನೂ ಇದೆ. ಇಷ್ಟಕ್ಕೂ ಒಂದೇ ಗಾಡಿ ಆಗ್ಬೇಕು. ಬಜೆಟ್ ಎಲ್ಲ ಸೇರಿ 9 ಸಾವಿರ ಡಾಲರ್, ಎಳೆದಾಡಿದ್ರೆ 10.

ನೋಡಿರೋದು ಹೋಂಡಾ ರಾಂಚರ್ 420, ಯಮಹಾ ಕೋಡಿಯಾಕ್ 450, ಪೊಲಾರಿಸ್ ಸ್ಪೋರ್ಟ್ಸ್‌ಮನ್ 570. ಶೋರೂಮಲ್ಲಿ ಸೇಲ್ಸ್‌ನೋನು ಇದ್ಯಾವ್ದೂ ಸಾಕಾಗಲ್ಲ ಸರ್ 850 ಸಿಸಿದು ತಗೊಳ್ಳಿ ಆರು ತಿಂಗಳಿಗೆ ಪವರ್ ಸಾಲಲ್ಲ ಅಂತ ಬಂದು ಎಕ್ಸ್‌ಚೇಂಜ್ ಕೇಳ್ತೀರ ಅಂತ ಒಂದೇ ಸಮ ತಲೆ ತಿಂದ. ಹೆಂಡ್ತಿನೂ ಓಡಿಸ್ತಾಳೆ, ಮಗನಿಗೆ 13, ಅವನಂತೂ ಈಗ್ಲೇ ಯೂಟ್ಯೂಬ್ ನೋಡಿ ಎಕ್ಸ್‌ಪರ್ಟ್ ಆಗ್ಬಿಟ್ಟಿದಾನೆ. ಊರಲ್ಲಿ ಪವರ್ ಟಿಲ್ಲರ್, ಜೀಪು ಎಲ್ಲ ಓಡ್ಸಿದೀನಿ, ಎಟಿವಿ ಮಾತ್ರ ಬಾಡಿಗೆಗೆ ತಗೊಂಡು ಓಡ್ಸಿದ್ದು ಬಿಟ್ರೆ ಗೊತ್ತಿಲ್ಲ. ನೀವಾಗಿದ್ರೆ ಯಾವ್ದು ತಗೋತಿದ್ರಿ?

ಹಾವೇರಿ_ಮಂದಿ:

ಸೇಲ್ಸ್‌ನವನ ಮಾತ್ ಬಿಡ್ರಿ, ಅವನಿಗೆ 850 ಖಾಲಿ ಆಗಬೇಕಾಗೈತಿ. 30 ಎಕ್ರೆದಾಗ 850 ತಗೊಂಡು ಏನ್ ಮಾಡ್ತೀರಿ, ಮೂರನೇ ಸಲ ಗ್ಯಾಸ್ ಕೊಡೂದ್ರಾಗ ಬೇಲಿ ಬರ್ತದ.

ನೀವು ಸಿಸಿ ನೋಡಬ್ಯಾಡ್ರಿ, ಮೊದಲಿಗೆ ಈ ಮೂರು ನಂಬರ್ ನೋಡ್ರಿ, ಸಾಮಾನು ಇಡೂ ಮುಂದಿನ ರ‍್ಯಾಕ್ ಎಷ್ಟು ತಡೀತದ, ಹಿಂದಿನ ರ‍್ಯಾಕ್ ಎಷ್ಟು, ಎಳಿಯೂದು ಎಷ್ಟು. ರಾಂಚರ್‌ಗೆ ಮುಂದ 66 ಪೌಂಡ್, ಹಿಂದ 133, ಎಳಿಯೂದು 848. ಕೋಡಿಯಾಕ್ 450 ಗೆ ಮುಂದ 88, ಹಿಂದ 176, ಎಳಿಯೂದು 1322. ಸಿಸಿ ಹೆಚ್ಚುಕಮ್ಮಿ ಒಂದ, ಕೋಡಿಯಾಕ್ ಎಂಜಿನ್ನೂ ಖರೆ ಅಂದ್ರ 421 ಸಿಸಿನ ಐತಿ, ಆದ್ರ ಭಾರದ ಲೆಕ್ಕದಾಗ ನೋಡ್ರಿ ಎಷ್ಟ್ ಫರಕ್. ಪೊಲಾರಿಸ್ 570 ಎಳಿಯೂದ್ರಾಗ ಕೋಡಿಯಾಕ್ ಜೋಡಿನ ಬರ್ತದ.

ಈಗ ನಿಮ್ಮ ಕೆಲ್ಸಕ್ಕ ಲೆಕ್ಕ ಹಾಕ್ರಿ. ಜೋಳದ ಚೀಲ 50 ಪೌಂಡ್. ರಾಂಚರ್ ಹಿಂದ ಎರಡು ಚೀಲ ಆತು, ಮೂರನೇದು ಇಟ್ರ 150, ಲಿಮಿಟ್ ದಾಟ್ತು. ಔಷಧಿ ಹೊಡಿಯೂ ಟ್ಯಾಂಕ್ 25 ಗ್ಯಾಲನ್‌ದು ತಂದು ರ‍್ಯಾಕ್ ಮ್ಯಾಲೆ ಕಟ್ಟತಾರ ಮಂದಿ, ಒಂದು ಗ್ಯಾಲನ್ ನೀರು 8.3 ಪೌಂಡ್, 25 ಅಂದ್ರ 208 ಪೌಂಡ್ ಬರೇ ನೀರ, ಟ್ಯಾಂಕು ಪಂಪು ಬ್ಯಾರೆ. ಯಾವ ಗಾಡಿ ರ‍್ಯಾಕೂ ಅದನ್ನ ತಡಿಯೂದಿಲ್ಲ ನೀವು ಹೇಳಿದ್ರಾಗ. ಮ್ಯಾಲೆ ಅರ್ಧ ಟ್ಯಾಂಕ್ ಆದಾಗ ನೀರು ಅತ್ಲಾಗ ಇತ್ಲಾಗ ಬಡೀತದ, ಇಳಿಜಾರಿನ್ಯಾಗ ತಿರುಗಿಸಿದ್ರ ಗಾಡಿನ ಎಳಕೊಂಡು ಹೋಗ್ತದ. ಹಂಗಾಗಿ 15 ಗ್ಯಾಲನ್ ದಾಟಿದ್ರ ಟ್ಯಾಂಕ್ ಟ್ರೇಲರ್ ಮ್ಯಾಲೆ ಇರ್ಲಿ. ಅದೂ ರಾಂಚರ್ ಆದ್ರ 15 ಕ್ಕ 125 ಪೌಂಡ್ ನೀರ ಆತು, ಟ್ಯಾಂಕ್ ಸೇರಿಸಿದ್ರ ಮುಗೀತು ಲಿಮಿಟ್.

ನನ್ನ ಮಾತು ಏನಂದ್ರ ಗಾಡಿಗೆ ಇಡೋ ರೊಕ್ಕದಾಗ ಒಂದು ಐನೂರು ತಗದು ಒಳ್ಳೆ ಡಂಪ್ ಕಾರ್ಟ್ ತಗೋರಿ, ಹಿಂದಕ್ಕ ಎತ್ತಿ ಸುರುವೂದು ಬರ್ತದಲ್ಲ ಅದು. ರ‍್ಯಾಕ್ ಮ್ಯಾಲೆ ಹೇರಿ ಹೇರಿ ಮುಂದಿನ ಗಾಲಿ ಹಗುರ ಮಾಡ್ಕೊಳ್ಳೂದಕ್ಕಿಂತ ಅದು ಭಾಳ ಪಾಡ. ಮತ್ತ ದುಂಡನೆ ಹುಲ್ಲಿನ ಬೇಲ್ ಏನಾರ ಎಳೀಬೇಕಂತ ಮನಸಿನ್ಯಾಗ ಇದ್ರ ತಗದ ಬಿಡ್ರಿ, ಸಾವಿರ ಪೌಂಡ್ ಇರ್ತದ ಒಂದೊಂದು, ಅದು ಟ್ರ್ಯಾಕ್ಟರ್ ಕೆಲ್ಸ, ಪಕ್ಕದವ್ರಿಗೆ ಹೇಳಿದ್ರ ಬಂದು ಇಟ್ಟು ಹೋಗ್ತಾರ.

ಕೋವಿ_ಹೂಸ್ಟನ್:

ಭಾರದ ಲೆಕ್ಕ ಮೇಲಿನವ್ರು ಚೆನ್ನಾಗಿ ಹೇಳಿದ್ರು, ನಾನು ಬೇಟೆ ಕಡೆ ಮಾತ್ರ ಹೇಳ್ತೀನಿ. ನಮ್ದು ಕೊಡಗು, ಕೈಲ್‌ಪೊಳ್ದ್‌ಗೆ ಕೋವಿಗೆ ಹೂ ಇಟ್ಟು ಪೂಜೆ ಮಾಡೋ ಮನೆ, ಆದ್ರೆ 1972 ರ ಕಾಯ್ದೆ ಬಂದ್ಮೇಲೆ ಅಲ್ಲಿ ಬೇಟೆ ಅನ್ನೋದು ಅಜ್ಜಂದಿರ ಕತೆ ಅಷ್ಟೇ. ಇಲ್ಲಿ ಬಂದ್ಮೇಲೇ ಲೈಸೆನ್ಸ್ ತಗೊಂಡು ನೇರವಾಗಿ ಕಲಿತಿದ್ದು.

ಬೇಟೆಗೆ ಎಟಿವಿ ಅಂದ್ರೆ ಜನ ಅಂದ್ಕೊಳ್ಳೋದು ಬ್ಲೈಂಡ್ ಹತ್ರ ಝುಂ ಅಂತ ಹೋಗಿ ಇಳಿಯೋದು. ಹಾಗೆ ಮಾಡಿದ್ರೆ ಗಂಟೆಗಟ್ಟಲೆ ಖಾಲಿ ಕೂತಿರ್ತೀರ. 30 ಎಕ್ರೆ ದೊಡ್ಡ ಜಾಗ ಏನಲ್ಲ, ಗಾಡಿನ ಗೇಟ್ ಹತ್ರಾನೇ ಇಲ್ಲ ಹಳ್ಳದ ಈಚೆ ಗಾಳಿ ಬೀಸೋ ದಿಕ್ಕು ನೋಡಿ ನಿಲ್ಸಿ, ಉಳಿದದ್ದು ನಡೀರಿ. ಪೆಟ್ರೋಲ್ ವಾಸನೆ ಕೈಗೆ ಬಟ್ಟೆಗೆ ಅಂಟುತ್ತೆ, ಅದಕ್ಕೆ ಇಂಧನ ತುಂಬ್ಸೋ ಕೆಲ್ಸ ಹಿಂದಿನ ದಿನವೇ ಮುಗ್ಸಿ. ಒಂದು ತಮಾಷೆ ಏನಂದ್ರೆ ಫೀಡರ್ ತುಂಬೋಕೆ ದಿನಾ ಅದೇ ಗಾಡಿ ಅದೇ ದಾರಿಲಿ ಹೋಗ್ತಿದ್ರೆ ಜಿಂಕೆಗಳಿಗೆ ಅದು ಊಟದ ಗಾಡಿ, ಸ್ವಲ್ಪ ದೂರ ಹೋಗಿ ನಿಂತು ನೋಡ್ತಾವೆ ಅಷ್ಟೇ. ಹಂದಿ ಹಾಗಲ್ಲ, ಒಂದ್ಸಲ ಗುಂಡಿನ ಸದ್ದು ಕೇಳಿದ್ರೆ ಆ ಕಡೆ ಹಗಲು ಹೊತ್ತು ತಲೆ ಹಾಕಲ್ಲ.

ಜಿಂಕೆ ತೂಕ ಚಿಂತೆ ಮಾಡ್ಬೇಡಿ. ಹಿಲ್ ಕಂಟ್ರಿ (ನಿಮ್ಮ ಲ್ಯಾನೋ ಇರೋ ಗುಡ್ಡಗಾಡು) ಜಿಂಕೆ ಸಣ್ಣದು, ಉತ್ತರದ ರಾಜ್ಯಗಳ ತರ ಅಲ್ಲ, ಹೊಟ್ಟೆ ಕ್ಲೀನ್ ಮಾಡಿದ್ಮೇಲೆ ಒಬ್ರೇ ಎತ್ತಿ ಹಿಂದಿನ ರ‍್ಯಾಕಿಗೆ ಹಾಕ್ಬೋದು. ದೊಡ್ಡ ಗಂಡು ಹಂದಿ ಬಿದ್ರೆ ಮಾತ್ರ ವಿಂಚ್ (ಮೋಟಾರಲ್ಲಿ ಹಗ್ಗ ಸುತ್ತಿ ಎಳೆಯೋ ರಾಟೆ) ಬೇಕು. 2500 ಪೌಂಡಿನ ವಿಂಚ್ ಸಾಕು, ಸ್ಟೀಲ್ ಕೇಬಲ್ ಬೇಡ ಸಿಂಥೆಟಿಕ್ ಹಗ್ಗ ಹಾಕ್ಸಿ, ಕೇಬಲ್ ತುಂಡಾದ್ರೆ ಮುಖಕ್ಕೆ ಬರುತ್ತೆ.

ಗನ್ ವಿಷ್ಯ. ಖಾಸಗಿ ಜಮೀನೊಳಗೆ ಗಾಡಿ ಮೇಲಿಂದ ಜಿಂಕೆ ಹೊಡೆಯೋದು ಟೆಕ್ಸಾಸ್‌ನಲ್ಲಿ ಅಪರಾಧ ಅಲ್ಲ, ಪಬ್ಲಿಕ್ ರೋಡಿಂದ ಹೊಡೆದ್ರೆ ಅಪರಾಧ, ಡವ್ ಹಕ್ಕಿಗೆ ಫೆಡರಲ್ ರೂಲ್ ಇರೋದ್ರಿಂದ ಜಮೀನೊಳಗೂ ಗಾಡಿ ಮೇಲಿಂದ ಹೊಡೆಯೋ ಹಾಗಿಲ್ಲ. ಆದ್ರೆ ಕಾನೂನು ಏನೇ ಹೇಳ್ಲಿ, ಗಾಡಿ ಅಲ್ಲಾಡ್ತಿರುವಾಗ ಕೋವಿ ಚೇಂಬರಲ್ಲಿ ಗುಂಡು ಇರ್ಬಾರ್ದು. ಹ್ಯಾಂಡಲ್ ಮೇಲೆ ಸಿಕ್ಸೋ ರ‍್ಯಾಕ್ ತಗೋಬೇಡಿ, ಗ್ರಾನೈಟ್ ಮೇಲೆ ಕುಲುಕಿ ಕುಲುಕಿ ಸ್ಕೋಪ್ ಸೆಟ್ಟಿಂಗ್ ಹೋಗುತ್ತೆ, ಗಟ್ಟಿ ಪ್ಲಾಸ್ಟಿಕ್ ಗನ್ ಬೂಟ್ (ಕೋವಿ ಇಡೋ ಕವಚ) ತಗೊಳ್ಳಿ. 1971 ಸೆಪ್ಟೆಂಬರ್ 2 ಕ್ಕೆ ಇಲ್ಲ ಆಮೇಲೆ ಹುಟ್ಟಿರೋರಿಗೆ ಹಂಟರ್ ಎಜುಕೇಶನ್ ಕೋರ್ಸ್ ಬೇಕೇ ಬೇಕು, 17 ಆಗಿರೋರಿಗೆ ಆನ್‌ಲೈನಲ್ಲೇ ಮುಗಿಯುತ್ತೆ. ಖಾಸಗಿ ಜಮೀನಿನ ಹಂದಿಗೆ 2019 ರಿಂದ ಲೈಸೆನ್ಸ್ ಬೇಕಿಲ್ಲ, ಓನರ್ ಒಪ್ಪಿಗೆ ಸಾಕು.

ಇನ್ನೊಂದು, ಓದ್ತಿರೋ ಬೇರೆಯವ್ರಿಗೂ ಉಪಯೋಗ ಆಗ್ಬೋದು. ಎಚ್1ಬಿ ತರದ ವೀಸಾದಲ್ಲಿ ಇರೋರು ಫೆಡರಲ್ ಕಾನೂನು ಪ್ರಕಾರ ಗನ್ ಇಟ್ಕೊಳ್ಳೋ ಹಾಗಿಲ್ಲ, ರಾಜ್ಯದ ಹಂಟಿಂಗ್ ಲೈಸೆನ್ಸ್ ಇದ್ರೆ ವಿನಾಯಿತಿ ಇದೆ. ಹಂದಿಗೆ ಲೈಸೆನ್ಸ್ ಬೇಡ ಅಂತ ಬಿಟ್ಬಿಟ್ಟು ಗೆಳೆಯರ ರೈಫಲ್ ಹಿಡ್ಕೊಂಡು ಹೋದ್ರೆ ತಗಲಾಕ್ಕೋತೀರ, ಲೈಸೆನ್ಸ್ ತಗೊಂಡು ಜೇಬಲ್ಲಿಟ್ಕೊಳ್ಳಿ. ಗ್ರೀನ್ ಕಾರ್ಡ್ ಇರೋರಿಗೆ ಈ ತಾಪತ್ರಯ ಇಲ್ಲ.

ಕುಡ್ಲ_ಡಲ್ಲಾಸ್:

ಎಲ್ಲ ಸರಿ ಮಾರಾಯ್ರೆ, ಆದ್ರೆ ಒಂದು ವಿಷಯ ಯಾರೂ ಹೇಳ್ಲೇ ಇಲ್ಲ ಅಲ್ವಾ. ಇವ್ರಿಗೆ ಹೆಂಡ್ತಿ ಉಂಟು, 13 ವರ್ಷದ ಮಗ ಉಂಟು. ಎಟಿವಿ ಅಂದ್ರೆ ಒಬ್ಬರ ಗಾಡಿ. ಸೀಟು ಉದ್ದ ಇದ್ದದ್ದು ಹಿಂದೆ ಕೂರಿಸ್ಲಿಕ್ಕೆ ಅಲ್ಲ, ಓಡಿಸುವವ ಹಿಂದೆ ಮುಂದೆ ಜರುಗಿ ಬ್ಯಾಲೆನ್ಸ್ ಮಾಡ್ಲಿಕ್ಕೆ. ಮತ್ತೆ 16 ವರ್ಷದ ಒಳಗಿನವರಿಗೆ ದೊಡ್ಡ ಎಟಿವಿ ಕೊಡ್ಬಾರ್ದು ಅಂತ ಗಾಡಿ ಮೇಲೆಯೇ ಸ್ಟಿಕ್ಕರ್ ಉಂಟು, ಅದು ಹಾಕಿದ್ದು ಸುಮ್ನೆ ಅಲ್ಲ. ಮೂರು ಗಾಲಿಯ ಎಟಿವಿ ಈ ದೇಶದಲ್ಲಿ 1988 ರಲ್ಲಿ ನಿಂತದ್ದು ಯಾಕೆ ಗೊತ್ತುಂಟಲ್ಲ, ಸತ್ತವರಲ್ಲಿ ಮಕ್ಕಳೇ ತುಂಬಾ ಜನ.

ಹಾಗಾಗಿ ನನ್ನ ಓಟು ಸೈಡ್ ಬೈ ಸೈಡಿಗೆ, ಅಂದ್ರೆ ಅಕ್ಕಪಕ್ಕ ಕೂರುವ ಸಣ್ಣ ಜೀಪಿನ ಹಾಗಿನ ಗಾಡಿ. ಹೋಂಡಾ ಪಯೋನಿಯರ್ 500 ಸೆಕೆಂಡ್ ಹ್ಯಾಂಡ್ ಸಿಕ್ಕಿದ್ರೆ ನೋಡಿ, 50 ಇಂಚು ಅಗಲ ಅಷ್ಟೇ, ಎಟಿವಿ ಹೋಗುವ ದಾರಿಯಲ್ಲೇ ಹೋಗ್ತದೆ. ಇಲ್ಲದಿದ್ರೆ ಹಳೇ ಕವಾಸಾಕಿ ಮ್ಯೂಲ್, ಸ್ಪೀಡ್ ಇಲ್ಲ ಎಂತ ಇಲ್ಲ ಆದ್ರೆ ಸಾಯುದಿಲ್ಲ ಆ ಗಾಡಿ. ಸೀಟ್ ಬೆಲ್ಟ್ ಉಂಟು, ಮೇಲೆ ರೋಲ್ ಕೇಜ್ (ಮಗುಚಿದ್ರೆ ಕಾಯುವ ಕಂಬಿ) ಉಂಟು, ಮಳೆಗೆ ಒಂದು ರೂಫ್ ಹಾಕಿದ್ರೆ ಆಯ್ತು, ಪಕ್ಕದಲ್ಲಿ ಹೆಂಡ್ತಿ ಕೂತ್ಕೊಂಡು ಬಯ್ಲಿಕ್ಕೂ ಆಗ್ತದೆ. ಎಟಿವಿಯಲ್ಲಿ ಅವ್ರು ಬಯ್ಯುದು ಕೇಳುದಿಲ್ಲ ಅಂತ ಕೆಲವರು ಅದನ್ನೇ ತಗೊಳ್ಳುದು, ಅದು ಬೇರೆ ವಿಷಯ.

ಸಾಗರದವ_ಆಸ್ಟಿನ್:

ಎಲ್ರಿಗೂ ಥ್ಯಾಂಕ್ಸ್, ಇಷ್ಟು ವಿವರವಾಗಿ ಯಾರೂ ಹೇಳಿರ್ಲಿಲ್ಲ. ಹಾವೇರಿ ಅಣ್ಣ, ಆ ನೀರಿನ ಲೆಕ್ಕ ಓದಿ ಆನ್‌ಲೈನ್ ಕಾರ್ಟಲ್ಲಿ ಇಟ್ಟಿದ್ದ 25 ಗ್ಯಾಲನ್ ಸ್ಪ್ರೇಯರ್ ತೆಗೆದೆ 😄

ಕುಡ್ಲ ಸರ್, ಸೈಡ್ ಬೈ ಸೈಡ್ ನಾನೂ ನೋಡ್ದೆ. ಹೊಸದು ಬಜೆಟ್ ದಾಟುತ್ತೆ. ಹಳೇದು ಸಿಗುತ್ತೆ, ಆದ್ರೆ ನಮ್ಮಲ್ಲಿ ಹಳ್ಳ ದಾಟೋ ಜಾಗ ಎರಡು ಬಂಡೆ ಮಧ್ಯ, ಟೇಪ್ ಹಿಡಿದೆ, ಕಿರಿದಾದ ಕಡೆ 53 ಇಂಚು. 50 ಇಂಚಿನ ಗಾಡಿ ಲೆಕ್ಕಕ್ಕೆ ಹೋಗುತ್ತೆ, ಆದ್ರೆ ಹೆಂಡ್ತಿ ನಾನಂತೂ ಅದ್ರಲ್ಲಿ ನುಗ್ಗಲ್ಲ ಅಂತಾಳೆ. ಎಟಿವಿ 46-48 ಇಂಚು. ಮಗನಿಗೆ ಇದು ಕೊಡಲ್ಲ, ಅದು ಖಾತ್ರಿ ಮಾಡ್ಕೊಂಡೆ, ಅವನ ಮುಖ ನೋಡ್ಬೇಕಿತ್ತು.

ಇನ್ನೆರಡು ಡೌಟ್. ಒಂದು, ಹಿಂದಿನ ಆಕ್ಸಲ್ ಸಾಲಿಡ್ (ಎರಡು ಗಾಲಿಗೂ ಒಂದೇ ಗಟ್ಟಿ ಆಕ್ಸಲ್) ಇರೋದು ಒಳ್ಳೇದಾ ಇಂಡಿಪೆಂಡೆಂಟ್ ಸಸ್ಪೆನ್ಷನ್ (ಗಾಲಿ ಬೇರೆ ಬೇರೆಯಾಗಿ ಆಡೋದು) ಒಳ್ಳೇದಾ. ಇನ್ನೊಂದು, ಬೆಲ್ಟ್ ಆಟೋಮ್ಯಾಟಿಕ್ (ಸ್ಕೂಟರ್ ತರ ಗೇರ್ ಹಾಕೋದಿಲ್ಲದ್ದು) ಬಗ್ಗೆ ಒಬ್ಬೊಬ್ರು ಒಂದೊಂದು ಹೇಳ್ತಾರೆ. ಜಮೀನು ಅಂತ ಸೇಲ್ಸ್ ಟ್ಯಾಕ್ಸ್ ಬಿಡ್ತಾರಂತೆ ಅದೂ ಕೇಳ್ದೆ, ನಿಜಾನಾ?

ವ್ರೆಂಚ್_ವಿಶ್ವ:

ಗುರು ನಾನು ವೀಕೆಂಡ್ ಪೂರ್ತಿ ಇವೇ ಗಾಡಿ ಬಿಚ್ಕೊಂಡು ಕೂತಿರ್ತೀನಿ, ಸ್ನೇಹಿತರದ್ದು, ಸ್ನೇಹಿತರ ಸ್ನೇಹಿತರದ್ದು. ಒಂದೊಂದಾಗಿ ಹೇಳ್ತೀನಿ.

ಆಕ್ಸಲ್: ಸಾಲಿಡ್ ಇದ್ರೆ ಟ್ರೇಲರ್ ಕಟ್ಟಿದಾಗ, ಹಿಂದೆ ಚೀಲ ಹಾಕಿದಾಗ ಗಾಡಿ ಕುಸಿಯಲ್ಲ, ಪಕ್ಕಕ್ಕೂ ಅಷ್ಟು ವಾಲಲ್ಲ, ಬಿಚ್ಚೋಕೆ ಸಾಮಾನೂ ಕಮ್ಮಿ, ಮುಳ್ಳು ತಾಗಿ ಹರಿಯೋಕೆ ಹಿಂದೆ ಸಿವಿ ಬೂಟೇ (ಆಕ್ಸಲ್ ಕೀಲಿನ ರಬ್ಬರ್ ಕವಚ) ಇಲ್ಲ. ಇಂಡಿಪೆಂಡೆಂಟ್ ಆದ್ರೆ ಬಂಡೆ ಮೇಲೆ ಬೆನ್ನಿಗೆ ಸುಖ, ಮಧ್ಯದಲ್ಲಿ ಎತ್ತರ ಜಾಸ್ತಿ ಸಿಗುತ್ತೆ, ಸಾಲಿಡಲ್ಲಿ ಆಕ್ಸಲ್ ಮಧ್ಯದ ಗಡ್ಡೆ ಕಲ್ಲಿಗೆ ಬಡಿಯುತ್ತೆ. ನಿಮ್ದು ಕೆಲ್ಸ ಜಾಸ್ತಿ ಸುತ್ತಾಟ ಕಮ್ಮಿ, ಸಾಲಿಡ್ ನಡಿಯುತ್ತೆ. ಸೊಂಟ ನೋವು ಈಗ್ಲೇ ಇದ್ರೆ ಇಂಡಿಪೆಂಡೆಂಟ್, ಅದ್ರಲ್ಲಿ ನಾಚಿಕೆ ಏನಿಲ್ಲ.

ಬೆಲ್ಟ್: ಕೋಡಿಯಾಕ್, ಪೊಲಾರಿಸ್ ಎರಡೂ ಬೆಲ್ಟ್ ಗಾಡಿ. ರಾಂಚರಲ್ಲಿ ಬೆಲ್ಟ್ ಇಲ್ಲ, ಗೇರು, ಕಾಲಲ್ಲಿ ಹಾಕೋದು ಇದೆ, ಹ್ಯಾಂಡಲಲ್ಲಿ ಬಟನ್ ಒತ್ತೋದು ಇದೆ, ಪೂರ್ತಿ ಆಟೋಮ್ಯಾಟಿಕ್ ಡ್ಯುಯಲ್ ಕ್ಲಚ್ಚೂ ಇದೆ. ಕಾಲಲ್ಲಿ ಹಾಕೋದ್ರಲ್ಲೂ ಕ್ಲಚ್ ಲಿವರ್ ಇರಲ್ಲ ಹೆದ್ರಬೇಡಿ, ನಮ್ಮೂರ ಹಳೇ ಹೀರೋ ಹೋಂಡಾ ಸ್ಟ್ರೀಟ್ ಓಡ್ಸಿದ್ರೆ ಗೊತ್ತಿರುತ್ತೆ. ಬೆಲ್ಟ್ ಕೆಟ್ಟದ್ದು ಅಂತ ಯಾರಾದ್ರೂ ಹೇಳಿದ್ರೆ ನಂಬ್ಬೇಡಿ, ಬೆಲ್ಟ್ ಸುಡೋದು ಓಡ್ಸೋರ ಕೈಯಿಂದ. ಟ್ರೇಲರ್ ಕಟ್ಕೊಂಡು ಹೈ ರೇಂಜಲ್ಲಿ ನಡಿಗೆ ಸ್ಪೀಡಲ್ಲಿ ಎಳೆದ್ರೆ ಬೆಲ್ಟ್ ಜಾರಿ ಜಾರಿ ಬಿಸಿಯಾಗಿ ಹೋಗುತ್ತೆ, ಅದೂ ಆಗಸ್ಟ್ ಬಿಸಿಲಲ್ಲಿ. ಭಾರ ಇದ್ರೆ ಲೋ ರೇಂಜ್, ಅಷ್ಟೇ ಮಂತ್ರ. ರಾಂಚರ್ ಕಾಲ್ಗೇರಿಗೆ ಲೋ ರೇಂಜೇ ಇಲ್ಲ, ಒಂದನೇ ಗೇರೇ ಲೋ ಅನ್ಕೊಳ್ಳಿ. ಇಳಿಜಾರಲ್ಲಿ ಎಂಜಿನ್ ಬ್ರೇಕ್ ಸಿಗ್ಬೇಕು, ಗೇರ್ ಗಾಡಿಲಿ ಸಹಜವಾಗೇ ಸಿಗುತ್ತೆ, ಯಮಹಾದ ಬೆಲ್ಟಲ್ಲೂ ಚೆನ್ನಾಗಿದೆ, ಬೇರೆ ಯಾವ್ದಾದ್ರೂ ಆದ್ರೆ ಆ ಮಾಡೆಲ್‌ಗೆ ಇದೆಯಾ ಅಂತ ಟೆಸ್ಟ್ ರೈಡಲ್ಲಿ ಆಕ್ಸಿಲರೇಟರ್ ಬಿಟ್ಟು ನೋಡಿ.

ಪವರ್ ಸ್ಟೀರಿಂಗ್ ಮಾತ್ರ ಬಿಡ್ಬೇಡಿ. ಕಲ್ಲಿಗೆ ಗಾಲಿ ಬಡಿದಾಗ ಹ್ಯಾಂಡಲ್ ಹೆಬ್ಬೆರಳಿಗೆ ಒದೆಯೋದು ತಪ್ಪುತ್ತೆ, ಮುಂದೆ ವಿಂಚ್ ಕೂತ್ಮೇಲೆ ಇನ್ನೂ ಬೇಕು.

ಮುಳ್ಳು: ಮೆಸ್ಕೀಟ್ ಅಂದ್ರೆ ನಮ್ ಬಳ್ಳಾರಿ ಜಾಲಿ ಕುಟುಂಬನೇ, ಎರಡು ಇಂಚು ಮುಳ್ಳು, ಕಂಪನಿ ಟೈರ್ ತೆಳ್ಳಗಿರುತ್ತೆ ಸೀದಾ ಒಳಗೆ. ಮೊದ್ಲ ಟೈರ್ ಸವೆದಾಗ ಆರು ಇಲ್ಲ ಎಂಟು ಪ್ಲೈ (ಪದರ) ಟೈರ್ ಹಾಕ್ಸಿ, ಅಲ್ಲಿ ತನಕ ಒಳಗೆ ಸೀಲೆಂಟ್ ಸುರಿದು ಬಿಡಿ. ಪ್ಲಗ್ ಕಿಟ್, ಸಣ್ಣ 12 ವೋಲ್ಟ್ ಪಂಪ್ ಗಾಡಿಲೇ ಇರ್ಲಿ. ಇವಕ್ಕೆ ಗಾಳಿ 5 ಪಿಎಸ್ಐ ಆಸುಪಾಸು ಅಷ್ಟೇ, ಕಾರಿನ ಗೇಜಲ್ಲಿ ಮುಳ್ಳೇ ಏಳಲ್ಲ, ಲೋ ಪ್ರೆಶರ್ ಗೇಜ್ ಅಂತ ಬೇರೆ ಬರುತ್ತೆ. ಎಡಕ್ಕೆ ಮೂರು ಬಲಕ್ಕೆ ಆರು ಇದ್ರೆ ಗಾಡಿ ಒಂದೇ ಕಡೆ ಎಳೆಯುತ್ತೆ, ಸ್ಟೀರಿಂಗ್ ಕೆಟ್ಟಿದೆ ಅಂತ ನನ್ ಹತ್ರ ತರ್ತಾರೆ.

ಬೆಂಕಿ: ಇದನ್ನ ಯಾರೂ ಹೇಳಲ್ಲ. ಒಣ ಹುಲ್ಲು ಎಂಜಿನ್ ಅಡಿ ಪ್ಲೇಟಲ್ಲಿ, ಸೈಲೆನ್ಸರ್ ಸುತ್ತ ಗೂಡು ಕಟ್ಟುತ್ತೆ. ನಿಂತಾಗೆಲ್ಲ ಬಗ್ಗಿ ನೋಡಿ ಕೀಳಿ, ಬಿಸಿ ಗಾಡಿನ ಎತ್ತರದ ಹುಲ್ಲಲ್ಲಿ ನಿಲ್ಲಿಸ್ಬೇಡಿ. ಬರ್ನ್ ಬ್ಯಾನ್ (ಬಯಲಲ್ಲಿ ಬೆಂಕಿ ಹಾಕ್ಬಾರ್ದು ಅನ್ನೋ ನಿಷೇಧ) ಟೈಮಲ್ಲಿ ಒಂದು ಸಣ್ಣ ಎಕ್ಸ್‌ಟಿಂಗ್ವಿಶರ್ ಕಟ್ಕೊಂಡಿರಿ. ರೇಡಿಯೇಟರ್ ಮುಂದೆ ಹುಲ್ಲಿನ ಬೀಜ ತುಂಬಿ ಗಾಡಿ ಬಿಸಿಯಾಗುತ್ತೆ, ನೀರು ಹಿಡಿದು ತೊಳೀರಿ, ಪ್ರೆಶರ್ ವಾಷರ್ ಹಿಡಿದ್ರೆ ರೆಕ್ಕೆ ಮಡಚಿ ಹೋಗುತ್ತೆ.

ಸೆಕೆಂಡ್ ಹ್ಯಾಂಡ್ ನೋಡೋಕೆ ಹೋದ್ರೆ ತಣ್ಣಗಿರೋ ಗಾಡಿನೇ ಸ್ಟಾರ್ಟ್ ಮಾಡಿಸಿ, ನೀವು ಬರೋ ಮುಂಚೆ ಬಿಸಿ ಮಾಡಿಟ್ಟಿದ್ರೆ ಅನುಮಾನ ಪಡಿ. ಏರ್ ಬಾಕ್ಸ್ ಮುಚ್ಚಳ ತೆಗ್ಸಿ, ಫಿಲ್ಟರ್ ಆಚೆ ಕಡೆ ಧೂಳು ಇದ್ರೆ ಎಂಜಿನ್ ಮರಳು ತಿಂದಿದೆ ಅಂತ ಲೆಕ್ಕ. ಆಯಿಲ್ ಹಾಲು ಹಾಕಿದ ಕಾಫಿ ಬಣ್ಣಕ್ಕಿದ್ರೆ ನೀರಲ್ಲಿ ಮುಳುಗಿದ ಗಾಡಿ, ಮಾತೇ ಆಡ್ಬೇಡಿ ವಾಪಸ್ ಬನ್ನಿ. ಡಿಫರೆನ್ಷಿಯಲ್ ಆಯಿಲೂ ಹಾಗೇ ನೋಡಿ. ಮೀಟರಲ್ಲಿ ಮೈಲಿನ ಗಂಟೆಯಿಂದ ಭಾಗಿಸಿ, ಸರಾಸರಿ ಸ್ಪೀಡ್ ಸಿಗುತ್ತೆ, ತೀರಾ ಕಮ್ಮಿ ಇದ್ರೆ ನಿಂತಲ್ಲೇ ಜಾಸ್ತಿ ಓಡಿದೆ, ಮೈಲಿ ಕಮ್ಮಿ ಅಂತ ಮಾರೋರ ಮಾತಿಗೆ ಮರುಳಾಗ್ಬೇಡಿ. ಮುಂದಿನ ಗಾಲಿ ಎತ್ತಿ ಮೇಲೆ ಕೆಳಗೆ ಅಲ್ಲಾಡ್ಸಿ, ಟಕ್ ಟಕ್ ಅಂದ್ರೆ ಬಾಲ್ ಜಾಯಿಂಟ್ ಇಲ್ಲ ಬೇರಿಂಗ್. ಟೈಟಲ್ (ಮಾಲೀಕತ್ವದ ಪತ್ರ) ಹೆಸರು, ಫ್ರೇಮ್ ಮೇಲಿನ ವಿನ್ (ಗಾಡಿ ಗುರುತಿನ) ನಂಬರ್ ಎರಡೂ ಹೊಂದಿಕೆ ಆಗ್ಬೇಕು. ಹೊಸದು ತಗೊಂಡ್ರೆ ಹಾಕಿರೋ ರೇಟ್ ನೋಡ್ಬೇಡಿ, ಫ್ರೈಟು, ಸೆಟಪ್ಪು, ಡಾಕ್ಯುಮೆಂಟ್ ಫೀಸು ಎಲ್ಲ ಸೇರಿ ಗೇಟ್ ದಾಟೋಕೆ ಎಷ್ಟು ಅಂತ ಬರಹದಲ್ಲಿ ತಗೊಳ್ಳಿ, ಸೆಟಪ್ ಫೀ ಚೌಕಾಸಿ ಆಗುತ್ತೆ.

ಕೋವಿ_ಹೂಸ್ಟನ್:

ಟ್ಯಾಕ್ಸ್ ಬಗ್ಗೆ. ಅಗ್ ಟಿಂಬರ್ ನಂಬರ್ (ಕೃಷಿ ಮಾಡೋರಿಗೆ ರಾಜ್ಯ ಕೊಡೋ ತೆರಿಗೆ ನಂಬರ್) ಇದ್ರೆ ಸೇಲ್ಸ್ ಟ್ಯಾಕ್ಸ್ ವಿನಾಯಿತಿ ಇರೋದು ನಿಜ, ಆದ್ರೆ ಆ ಗಾಡಿ ಮಾರಾಟಕ್ಕೆ ಬೆಳೆಯೋ ಕೃಷಿ ಉತ್ಪಾದನೆಗೆ ಮಾತ್ರ ಬಳಕೆ ಆಗ್ಬೇಕು. ಬೇಟೆಗೂ ಅಂತ ನೀವೇ ಟೈಟಲಲ್ಲಿ ಬರೆದಿದೀರ ಮಾರಾಯ್ರೆ. ಟ್ಯಾಕ್ಸ್ ಕಟ್ಟಿ ನೆಮ್ಮದಿಯಾಗಿರಿ. ರಾಜ್ಯದ್ದು 6.25 ಪರ್ಸೆಂಟ್, ಲೋಕಲ್ ಸೇರಿ ಹೆಚ್ಚಂದ್ರೆ 8.25, ಬಜೆಟ್ಟಲ್ಲಿ ಅದನ್ನೂ ಹಾಕ್ಕೊಳ್ಳಿ. ಜಮೀನಿಗೆ ಸಿಗೋ ಅಗ್ ವ್ಯಾಲ್ಯುವೇಶನ್ (ಕೃಷಿ ಜಮೀನು ಅಂತ ಆಸ್ತಿ ತೆರಿಗೆ ಕಮ್ಮಿ ಆಗೋದು) ಬೇರೆ ವಿಷ್ಯ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ, ಅದು ಕೌಂಟಿ ಅಪ್ರೈಸಲ್ ಆಫೀಸಲ್ಲಿ ಕೇಳಿ.

ಗೌಡ_ಜೀಲಾಂಗ್:

ಆಸ್ಟ್ರೇಲಿಯಾದಿಂದ ಒಂದು ಮಾತು. ಇಲ್ಲಿ ಫಾರ್ಮಲ್ಲಿ ಜನ ಸಾಯೋ ಕಾರಣಗಳಲ್ಲಿ ಕ್ವಾಡ್ ಬೈಕ್ (ಎಟಿವಿಗೆ ಇಲ್ಲಿನ ಹೆಸರು) ಮೇಲ್ಗಡೆನೇ ಇದೆ, ಅದ್ರಲ್ಲೂ ಮಗುಚಿ ಅಡಿಗೆ ಸಿಕ್ಕಾಕ್ಕೊಂಡು ಉಸಿರು ಕಟ್ಟಿ ಹೋಗೋರು. ಅದಕ್ಕೆ ಸರ್ಕಾರ 2020 ಅಕ್ಟೋಬರಿಂದ ಪ್ರತಿ ಗಾಡಿಗೂ ಎಷ್ಟು ಡಿಗ್ರಿ ಇಳಿಜಾರಲ್ಲಿ ಮಗುಚುತ್ತೆ ಅಂತ ಟ್ಯಾಗ್ ನೇತಾಕ್ಬೇಕು ಅಂತು, 2021 ಅಕ್ಟೋಬರಿಂದ ಹೊಸ ಕೆಲ್ಸದ ಕ್ವಾಡ್‌ಗಳಿಗೆ ಹಿಂದೆ ಪ್ರೊಟೆಕ್ಷನ್ ಬಾರ್ (ಮಗುಚಿದ್ರೆ ಗಾಡಿ ಮೈಮೇಲೆ ಬೀಳದ ಹಾಗೆ ತಡೆಯೋ ಕಂಬಿ) ಕಡ್ಡಾಯ ಮಾಡ್ತು. ಹೋಂಡಾ, ಯಮಹಾ, ಪೊಲಾರಿಸ್ ನಾವು ಬಾರ್ ಹಾಕಲ್ಲ ಅಂತ ಇಲ್ಲಿ ಕ್ವಾಡ್ ಮಾರೋದೇ ನಿಲ್ಲಿಸ್ಬಿಟ್ರು. ಕಂಪನಿಗಳ ವಾದ ಬಾರಿಂದ್ಲೂ ಏಟು ಬೀಳುತ್ತೆ ಅಂತ, ರೈತರು ಎರಡು ಗುಂಪಾಗಿ ಇವತ್ತಿಗೂ ಜಗಳ. ನನ್ನ ಗಾಡಿಗೆ ಬಾರ್ ಇದೆ, ತೆಗಿಯೋ ಯೋಚ್ನೆ ಇಲ್ಲ.

ನಿಮ್ಮಲ್ಲಿ ಕಡ್ಡಾಯ ಇಲ್ಲ, ಆದ್ರೂ ಹಳ್ಳದ ಆಚೆ ಇಳಿಜಾರು ಅಂದ್ರಲ್ಲ, ಅಲ್ಲಿ ಅಡ್ಡಡ್ಡ ಓಡಿಸ್ಬೇಡಿ. ನೇರ ಹತ್ತಿ, ನೇರ ಇಳೀರಿ. ಹತ್ತುವಾಗ ಅರ್ಧಕ್ಕೆ ನಿಂತ್ರೆ ಅಲ್ಲೇ ತಿರುಗ್ಸೋಕೆ ಹೋಗ್ಬೇಡಿ, ಬ್ರೇಕ್ ಹಿಡಿದು ಗುಡ್ಡದ ಮೇಲ್ಗಡೆ ಬದಿಗೆ ಇಳೀರಿ. ಕೆಳಗಿನ ಬದಿಗೆ ಇಳಿದ್ರೆ ಗಾಡಿ ನಿಮ್ಮ ಮೇಲೇ ಬರುತ್ತೆ. ಒಬ್ರೇ ಹೋಗುವಾಗ ಫೋನ್ ಗಾಡಿ ಬಾಕ್ಸಲ್ಲಿ ಅಲ್ಲ, ಮೈಮೇಲೆ ಜೇಬಲ್ಲಿರ್ಲಿ. ಲ್ಯಾನೋ ಕಡೆ ಸಿಗ್ನಲ್ ಹೇಗೋ ಗೊತ್ತಿಲ್ಲ, ಇಲ್ದಿದ್ರೆ ಸ್ಯಾಟಲೈಟ್ ಮೆಸೆಂಜರ್ ನೋಡಿ.

ಸಕಲೇಶಪುರ_ಕಾಫಿ:

ನೀವೆಲ್ಲ ಹೊಟ್ಟೆ ಉರಿಸ್ತೀರಪ್ಪ. ನಾವಿಲ್ಲಿ ಹಳೇ ಜೀಪಲ್ಲಿ ಗೊಬ್ಬರ ಹೊತ್ಕೊಂಡು ಕೆಸರಲ್ಲಿ ಹೂತು, ಪಕ್ಕದ ಎಸ್ಟೇಟ್ ಟ್ರ್ಯಾಕ್ಟರ್ ಕರೆಸಿ ಎಳೆಸ್ತಾ ಇದೀವಿ. ಹಂದಿ ನಮ್ಗೂ ಕಾಟ ಕೊಡ್ತಾವೆ, ಹೊಡೆದ್ರೆ ಹಂದಿ ಬದ್ಲು ನಾವು ಒಳಗೆ. ಇಂಡಿಯಾದಲ್ಲಿ ಎಟಿವಿಗೆ ರೋಡ್ ರಿಜಿಸ್ಟ್ರೇಶನ್ ಸಿಗಲ್ಲ ಅಂತ ಸುಮ್ನಿದ್ದೆ, ಪೊಲಾರಿಸ್‌ನವ್ರು ಈ ಸ್ಪೋರ್ಟ್ಸ್‌ಮನ್ 570 ಗಾಡಿನೇ ಟ್ರ್ಯಾಕ್ಟರ್ ಅಂತ ರಿಜಿಸ್ಟರ್ ಆಗೋ ತರ ಬಿಟ್ಟಿದ್ರು, ರೇಟ್ ಕೇಳಿ ವಾಪಸ್ ಬಂದೆ, ಆ ದುಡ್ಡಿಗೆ ನಿಜವಾದ ಟ್ರ್ಯಾಕ್ಟರೇ ಬರುತ್ತೆ. ನಿಮ್ಮಲ್ಲಿ ರೋಡಿಗೆ ಇಳಿಸ್ಬೋದಾ? ಗೇಟಿಂದ ಗೇಟಿಗೆ?

ಹಾವೇರಿ_ಮಂದಿ:

ಇಳಿಸಬಹುದ್ರಿ, ಒಕ್ಕಲುತನದ ಕೆಲ್ಸಕ್ಕ ಅಂದ್ರ ರೈತರಿಗೆ ಟೆಕ್ಸಾಸ್‌ನ್ಯಾಗ ಅವಕಾಶ ಐತಿ. ಹಗಲಿನ್ಯಾಗ ಅಷ್ಟ, 25 ಮೈಲಿ ಒಳಗ, ಹೆಡ್‌ಲೈಟ್ ಟೇಲ್‌ಲೈಟ್ ಹಚ್ಚಿರಬೇಕು, ಎಂಟು ಫೂಟಿನ ಕೋಲಿಗೆ ಕೇಸರಿ ತ್ರಿಕೋನ ಬಾವುಟ ಕಟ್ಟಿರಬೇಕು. ಬೀರ್ ತರಾಕ ಹೊಂಟ್ರ ಅದು ಒಕ್ಕಲುತನ ಅಲ್ಲ.

ಸಾಗರದವ_ಆಸ್ಟಿನ್:

ಹೆಂಡ್ತಿ ಜೊತೆ ಕೂತು ಇದನ್ನೆಲ್ಲ ಓದಿ ಮುಗ್ಸಿದ್ವಿ. ಮೊನ್ನೆ ಎರಡೂ ಟೆಸ್ಟ್ ರೈಡ್ ಆಯ್ತು. ಅವಳಿಗೆ ರಾಂಚರ್ ಬಟನ್ ಗೇರ್ ಇಷ್ಟ ಆಯ್ತು, ನನಗೆ ಕೋಡಿಯಾಕ್. ಜೋಳ, ನೀರು ಹೊರೋದೇ ಮುಖ್ಯ ಕೆಲ್ಸ ಅಂದ್ಮೇಲೆ 133 ಪೌಂಡ್ ಯಾಕೋ ಕಮ್ಮಿ ಅನ್ನಿಸ್ತು, ಹಾಗಾಗಿ ಪವರ್ ಸ್ಟೀರಿಂಗ್ ಇರೋ ಕೋಡಿಯಾಕ್ ಕಡೆಗೇ ವಾಲಿದೀವಿ. ಅಂಗಡಿಯವ್ರು ಕೊಟ್ಟ ಮೊದ್ಲ ಕೊಟೇಶನಲ್ಲಿ ಸೆಟಪ್ ಫೀಸು ನೋಡಿ ತಲೆ ತಿರುಗಿತು, ವಿಶ್ವ ಹೇಳಿದ ಹಾಗೆ ಬೇರೆ ಊರಿನ ಎರಡು ಕಡೆ ಬರಹದಲ್ಲಿ ಕೇಳಿದೀನಿ. ಎಟಿವಿ ಸೇಫ್ಟಿ ಇನ್‌ಸ್ಟಿಟ್ಯೂಟ್ ರೈಡರ್ ಕೋರ್ಸಿಗೆ ಇಬ್ರೂ ಹೆಸರು ಕೊಟ್ವಿ.

ನನ್ನ ಪಿಕಪ್‌ದು ಐದೂವರೆ ಅಡಿ ಬೆಡ್, ಅದ್ರಲ್ಲಿ ತಗೊಂಡು ಹೋಗ್ಬೋದಾ, ಇಲ್ಲ ಜಮೀನಲ್ಲೇ ಬಿಟ್ಬಿಡ್ಲಾ?

ವ್ರೆಂಚ್_ವಿಶ್ವ:

ಐದೂವರೆ ಅಡಿ ಅಂದ್ರೆ 66 ಇಂಚು, ಗಾಡಿ ಸುಮಾರು ಆರೂವರೆ ಅಡಿ ಉದ್ದ. ಟೈಲ್‌ಗೇಟ್ ಇಳಿಸಿದ್ರೆ ಹಿಂದಿನ ಗಾಲಿ ಟೈಲ್‌ಗೇಟ್ ಮೇಲೇ ಕೂರುತ್ತೆ, ಅದು ಆ ಭಾರ ಹೊತ್ಕೊಂಡು ಹೈವೇಲಿ ಕುಣಿಯೋಕೆ ಮಾಡಿದ್ದಲ್ಲ. ಅಂಗಡಿಯಿಂದ ತರೋಕೆ ಒಂದಿನ 5x8 ಟ್ರೇಲರ್ ಬಾಡಿಗೆಗೆ ತಗೊಳ್ಳಿ, ಸರ್ವಿಸ್‌ಗೂ ಹಾಗೇ. ಮೊದ್ಲ ಸರ್ವಿಸ್ ಮಾತ್ರ ಮರೀಬೇಡಿ, 20 ಗಂಟೆ ಆದ್ಮೇಲೆ ಆಯಿಲ್ ಎಲ್ಲ ಬದಲಾಯಿಸ್ಬೇಕು, ಫೀಡರ್ ತುಂಬೋದ್ರಲ್ಲೇ ಬೇಗ ಆಗ್ಬಿಡುತ್ತೆ.

ಜಮೀನಲ್ಲಿ ಬಿಡೋದಾದ್ರೆ ಶೆಡ್ಡಲ್ಲಿ ಬೇಡ, ವೀಕೆಂಡ್ ಜಮೀನು ಅಂತ ಕಳ್ಳರಿಗೆ ನಿಮಗಿಂತ ಮುಂಚೆ ಗೊತ್ತಿರುತ್ತೆ. 20 ಅಡಿ ಹಳೇ ಶಿಪ್ಪಿಂಗ್ ಕಂಟೇನರ್ ಹಾಕಿ, ಬೀಗಕ್ಕೆ ಕಟರ್ ತಾಗದ ಹಾಗೆ ಲಾಕ್ ಬಾಕ್ಸ್ ವೆಲ್ಡ್ ಮಾಡ್ಸಿ, ಬ್ಯಾಟರಿಗೆ ಸಣ್ಣ ಸೋಲಾರ್ ಟ್ರಿಕಲ್ ಚಾರ್ಜರ್. ಕೀ ಮನೆಗೆ ತಗೊಂಡೋಗಿ. ಮಗನ ಕೈಗೆ ಸಿಗದ ಜಾಗದಲ್ಲಿಡಿ.